ಬಂಬಿನ ಕೊಳವೆಯಲ್ಲಿ ಬಾಲದ ಚುಕ್ಕಿ

ಸವಣೂರಿನ ಮೂಢನಂಬಿಕೆಗಳನ್ನು ಯುಗಾದಿಯೊಳಗೆ ಬುಡಸಮೇತ ಕಿತ್ತುಹಾಕಬೇಕೆಂದು ನಾನು ತೀರ್ಮಾನಿಸಿದ್ದು ೧೯೮೬ರ ಮಾರ್ಚ್ ತಿಂಗಳಲ್ಲಿ. ಸವಣೂರು ಮುಗಿದ ಮೇಲೆ ಶಿಗ್ಗಾಂವಿ, ಆಮೇಲೆ ಹಾನಗಲ್ಲು, ಮಳೆಗಾಲಕ್ಕೆ ಮುಂಚೆ ಹಿರೇಕೆರೂರು! ದಿಗ್ವಿಜಯದ ನಕಾಶೆಯೇ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ನಕಾಶೆ ಬರೆಯುವುದು ನನಗೇನೂ ಕಷ್ಟವಲ್ಲ. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ, ನೀಲಪ್ಪ.

ಡ್ರಾಯಿಂಗ್ ಮಾಸ್ತರನಿಗೆ ಈ ಉಸಾಬರಿ ಯಾಕೆ ಎಂದು ಕೇಳುತ್ತೀರಿ. ವಿಜ್ಞಾನದ ಮಾಸ್ತರರು ಕಾಮಾಲೆಯಾಗಿ ರಜೆ ಹಾಕಿದ್ದರು, ಅವರ ಪಿರಿಯಡ್ಡುಗಳು ನನ್ನ ಕೊರಳಿಗೆ ಬಿದ್ದವು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಹ್ಯಾಲಿ ಧೂಮಕೇತು ಆಗ ಆಕಾಶದಲ್ಲಿತ್ತು. ನಾನು ಬಣ್ಣದ ಸೀಮೆಸುಣ್ಣ ಹಿಡಿದು ಹಲಗೆಯ ಈ ತುದಿಯಿಂದ ಆ ತುದಿಗೆ ಅದರ ಬಾಲ ಎಳೆದೆ. ಹುಡುಗರು ಚಪ್ಪಾಳೆ ತಟ್ಟಿದರು. ಅಷ್ಟೇ ಸಾಕಾಯಿತು, ನನ್ನೊಳಗೊಬ್ಬ ಖಗೋಳಶಾಸ್ತ್ರಜ್ಞ ಎದ್ದು ಕುಳಿತ! ಎದ್ದವನು ನನ್ನನ್ನೂ ಮಲಗಗೊಡಲಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಊಟದ ನಡುವೆ ಎದ್ದು ಅಂಗಳಕ್ಕೆ ಹೋಗಿ, ಮಟಮಟ ಮಧ್ಯಾಹ್ನದಲ್ಲಿ ಆಕಾಶ ನೋಡಿ ಬರುತ್ತಿದ್ದೆ.

ಇಷ್ಟರಲ್ಲಿ ಮನೆಯಲ್ಲೇ ಒಂದು ಫಜೀತಿ ಹುಟ್ಟಿತು. ನನ್ನ ಹೆಂಡತಿ ಸುಶೀಲಾಳ ತಮ್ಮ ಉಳಿವೆಪ್ಪ ಸರಕು ಹಡಗಿನಲ್ಲಿ ಅಡುಗೆಯವನು. ರಜೆ ಮೇಲೆ ಊರಿಗೆ ಬಂದಿದ್ದ. ದುಂಡಸಿಯ ಗುತ್ತೆಪ್ಪನವರ ಮಗಳು ಶಾರವ್ವನನ್ನು ನೋಡಿದ, ಒಪ್ಪಿದ. ಅವಳೂ ಒಪ್ಪಿದಳು. ಇನ್ನೇನು ನಿಶ್ಚಯದ ದಿನ ಗೊತ್ತು ಮಾಡಬೇಕು, ಅಷ್ಟರಲ್ಲಿ ಗುತ್ತೆಪ್ಪನವರು ಹೇಳಿ ಕಳಿಸಿದರು: “ಆಕಾಶದಾಗ ಬಾಲದ ಚುಕ್ಕಿ ಬಂದೈತಿ. ಅದು ಹೋಗೋತನಕ ನಮ್ಮನ್ಯಾಗ ಶುಭಕಾರ್ಯ ಇಲ್ರಿ.”

ಉಳಿವೆಪ್ಪ ಯುಗಾದಿ ಆದ ಕೂಡಲೇ ಮುಂಬೈಗೆ ಹೋಗಿ ಹಡಗು ಹತ್ತಬೇಕು. ಹತ್ತಿದರೆ ವರ್ಷ ಇಳಿಯುವ ಹಾಗಿಲ್ಲ. ಹಾನಗಲ್ಲಿನ ವರನೊಬ್ಬ ಆಗಲೇ ಗುತ್ತೆಪ್ಪನವರ ಮನೆಯ ದಿಕ್ಕಿಗೆ ಸುಳಿದಾಡುತ್ತಿದ್ದ. ಉಳಿವೆಪ್ಪ ಊಟ ಬಿಟ್ಟ. ಅಡುಗೆಯವನೇ ಊಟ ಬಿಟ್ಟರೆ ಮನೆಯವರ ಗತಿ ಏನು?

“ಮಾಮಾ, ಆ ಚುಕ್ಕಿ ಪಾಪದ್ದೈತಿ. ನಾನು ಭೂಮಿ ಕೆಳಗಿನ ಅರ್ಧದಾಗ ನೋಡಿ ಬಂದೇನಿ,” ಎಂದ ಬಿಕ್ಕುವ ದನಿಯಲ್ಲಿ. “ಹಡಗದ ಡೆಕ್ಕಿನ ಮ್ಯಾಲ ನಿಂತ್ರ ಚಂದ ಕಾಣ್ತೈತಿ. ಅಲ್ಲಿ ಚಂದ್ರನೂ ತಲಿಕೆಳಗ ಕಾಣ್ತಾನ. ಅದನ್ನ ನೋಡಿದ ದಿನಾನ ನನಗ ರಜಾ ಮಂಜೂರಾತು!”

ಸುಶೀಲಾ ನನ್ನ ಕಡೆ ತಿರುಗಿದಳು. “ನನ್ನ ತಮ್ಮ ಭೂಮಿ ಕೆಳಗ ಹೋಗಿ ನೋಡಿ ಬಂದಾನ. ನೀವು ಭೂಮಿ ಮ್ಯಾಲ ಕುಂತೂ ಇನ್ನೂ ನೋಡಿಲ್ಲ. ಬರೇ ಹಲಗಿ ಮ್ಯಾಲ ಬರಿಯೋದ ಆತು!”

ನನಗೆ ಸಿಟ್ಟು ಬಂತು. ಭೂಮಿಯ ಇಡೀ ಉತ್ತರ ಗೋಳಾರ್ಧದ ಮಾನ ನನ್ನ ಕೈಯಲ್ಲಿ ಬಂದು ಕೂತಿತ್ತು.

“ಗುತ್ತೆಪ್ಪನವರನ್ನ ಕರಸು,” ಎಂದೆ. “ದುರ್ಬೀನಿನಾಗ ತೋರಸ್ತೇನಿ. ಅದು ಬರೇ ಬರ್ಫು, ಮ್ಯಾಲ ಒಂದೀಟು ಧೂಳು. ಬರ್ಫಿನ ಗಡ್ಡಿಗೆ ಯಾರರ ಹೆದರ್ತಾರೇನು?”

“ದುರ್ಬೀನು ಎಲ್ಲೈತ್ರಿ?”

“ಮಾಡ್ತೇನಿ!”

ಹುಬ್ಬಳ್ಳಿಗೆ ಹೋಗಿ ದೊಡ್ಡದೊಂದು ಭೂತಗನ್ನಡಿ ತಂದೆ. ಕಣ್ಣಿನ ಕಡೆಗೆ ಸಣ್ಣ ಗಾಜು ಬೇಕಿತ್ತು. ನಮ್ಮವ್ವ ಹೊಳೆವ್ವ ಮಲಗಿದ್ದಾಗ ಅವಳ ಕನ್ನಡಕದ ಒಂದು ಗಾಜನ್ನು ವಿಜ್ಞಾನದ ಹೆಸರಿನಲ್ಲಿ ಬಿಚ್ಚಿಕೊಂಡೆ. ಎದ್ದವಳು ಕನ್ನಡಕ ಏರಿಸಿ ನನ್ನನ್ನು ನೋಡಿದಳು. “ಒಂದ ಕಣ್ಣಿಗೆ ಮಗ ಕಾಣ್ತಾನ, ಇನ್ನೊಂದಕ್ಕ ಕಾಣೂದಿಲ್ಲ. ಇರಲಿ ಬಿಡು, ಅರ್ಧ ನೆಮ್ಮದಿ ಆತು,” ಎಂದಳು.

ಉಳಿದದ್ದು ಕೊಳವೆ. ರಟ್ಟು ಸುತ್ತಿದೆ, ಅದು ನಡುವೆ ಬಾಗಿತು. ಬಿದಿರು ತಂದೆ, ಒಳಗೆ ಗಂಟು. ಹೀಗೆ ಚಡಪಡಿಸುತ್ತ ಬಚ್ಚಲಿಗೆ ಹೋದಾಗ ಕಣ್ಣಿಗೆ ಬಿತ್ತು ನೋಡಿ, ನೀರು ಕಾಸುವ ತಾಮ್ರದ ಬಂಬು! ಅದರ ಹೊಗೆ ಹೊರಗೆ ಹೋಗಲಿಕ್ಕೆ ಉದ್ದನೆಯ ತಗಡಿನ ಕೊಳವೆ. ನೆಟ್ಟಗೆ, ದುಂಡಗೆ, ಗಟ್ಟಿಯಾಗಿ, ವರ್ಷಗಟ್ಟಲೆ ನನ್ನ ಮನೆಯಲ್ಲೇ ನಿಂತು ಆಕಾಶ ನೋಡುತ್ತಿತ್ತು. ಕಿತ್ತು ಹೊರಗೆ ತಂದೆ.

“ಅಯ್ಯ, ಬಂಬಿನ ಕೊಳವಿ ಯಾಕ ಕಿತ್ರಿ? ಹೊಗಿ ಎಲ್ಲಿ ಹೋಗಬೇಕು?”

“ನಾಕ ದಿನ ತಣ್ಣೀರು ಹಾಕ್ಕೊಂಡ್ರ ಜೀವ ಹೋಗೂದಿಲ್ಲ.”

“ಕೊಡ್ರಿ ಇಲ್ಲೆ, ಮಸಿ ಆದ್ರೂ ತೊಳಿತೇನಿ.”

“ಮುಟ್ಟಬ್ಯಾಡ!” ಎಂದು ಕೂಗಿದೆ. ದುರ್ಬೀನಿನ ಒಳಗೋಡೆ ಕಪ್ಪಗಿರಬೇಕೆಂದು ಪತ್ರಿಕೆಯಲ್ಲಿ ಓದಿದ್ದೆ. ಬೇರೆ ದೇಶದ ವಿಜ್ಞಾನಿಗಳು ದುಡ್ಡು ಕೊಟ್ಟು ಕಪ್ಪು ಬಣ್ಣ ಬಳಿಸುತ್ತಾರೆ. ನಮ್ಮ ಕೊಳವೆಗೆ ಹತ್ತು ವರ್ಷದ ಕಟ್ಟಿಗೆಯ ಹೊಗೆ ಪುಕ್ಕಟೆ ಬಳಿದು ಕೊಟ್ಟಿತ್ತು! ಗಾಜುಗಳನ್ನು ಎರಡೂ ತುದಿಗೆ ಚಿಂದಿ ಸುತ್ತಿ ಒಳಗೆ ತಳ್ಳಿದೆ. ಎದುರುಮನೆಯ ಗೋಡೆ ಕಡೆ ತಿರುಗಿಸಿ ಉಳಿವೆಪ್ಪನಿಗೆ ತೋರಿಸಿದೆ.

“ಮಾಮಾ, ಗ್ವಾಡಿ ಮ್ಯಾಲಿನ ಬೆಕ್ಕು ತಲಿಕೆಳಗ ನಡದೈತಲ್ಲ!”

“ಅದು ದುರ್ಬೀನಿನ ಗುಣ.”

“ಹಂಗಾರ ಇದು ಕೆಳಗಿನ ಅರ್ಧದ ದುರ್ಬೀನು!” ಎಂದು ಅವನು ಆ ವಾರದಲ್ಲಿ ಮೊದಲ ಸಲ ನಕ್ಕ. ಟಿಕೀಟಿಲ್ಲದೆ ದಕ್ಷಿಣ ಗೋಳಾರ್ಧಕ್ಕೆ ಹೋಗಿ ಬರುವ ಯಂತ್ರ ಕಂಡುಹಿಡಿದೆನೆಂದು ನಾನೂ ಬೀಗಿದೆ. ಅವನ ಬಲಗಣ್ಣಿನ ಸುತ್ತ ಕಪ್ಪನೆಯ ಬಳೆಯೊಂದು ಮೂಡಿದ್ದನ್ನು ಕಂಡೂ ಕಾಣದಂತಿದ್ದೆ. ಸಂಶೋಧನೆಯಲ್ಲಿ ಇಂಥ ಸಣ್ಣಪುಟ್ಟದ್ದೆಲ್ಲ ಇದ್ದದ್ದೇ.

ಗುತ್ತೆಪ್ಪನವರು ಸಂಜೆ ಬಸ್ಸಿಗೆ ಬಂದಿಳಿದರು. ಧೂಮಕೇತು ಕಾಣುವುದು ಬೆಳಗಿನ ಜಾವ, ಮೂಡಣ ತೆಂಕಣದ ನಡುವಿನ ಮೂಲೆಯಲ್ಲಿ. ನನಗೆ ಆ ರಾತ್ರಿ ನಿದ್ದೆಯೇ? ಎದ್ದು ಗಡಿಯಾರ ನೋಡಿದೆ, ಮಲಗಿದೆ, ಮತ್ತೆ ಎದ್ದೆ. ಮೋಡ ಬಂದಿದೆಯೇನೋ ಎಂದು ಹೊರಗೆ, ಗುತ್ತೆಪ್ಪನವರು ಓಡಿ ಹೋದರೇನೋ ಎಂದು ಒಳಗೆ. ಕೊನೆಗೆ ತಡೆಯಲಾರದೆ ಕೋಳಿ ಕೂಗುವ ಮೊದಲೇ ಎಲ್ಲರನ್ನೂ ಎಬ್ಬಿಸಿ ಮಾಳಿಗೆ ಹತ್ತಿಸಿದೆ.

ಕೊಳವೆಯ ತೂಕ ನನಗೆ ಮಾಳಿಗೆಯ ಮೇಲೆ ತಿಳಿಯಿತು. ಕಣ್ಣಿನ ತುದಿಯನ್ನು ಮೆಟ್ಟಿಲ ಬಾಯಿಯ ಕಟಾಂಜನದ ಕಂಬಿಯ ಮೇಲೆ ಇಟ್ಟೆವು. ಮುಂದಿನ ತುದಿಯನ್ನು ನಾನು ಹೆಗಲ ಮೇಲೆ ಹೊತ್ತು, ಗುತ್ತೆಪ್ಪನವರ ಕಡೆ ಮುಖ ಮಾಡಿ, ಆಕಾಶಕ್ಕೆ ಬೆನ್ನು ಹಾಕಿ ನಿಂತೆ.

“ಏನು ಕಾಣ್ತೈತ್ರಿ?” ಎಂದೆ.

“ಕಿವಿ ಕಾಣ್ತೈತ್ರಿ ಮಾಸ್ತರ್ರ. ತಲಿಕೆಳಗ ಐತಿ.”

ನನ್ನದೇ ಕಿವಿ! ತಲೆ ಸರಿಸಿದೆ. “ಈಗ?”

“ಈಗ ಬರೇ ಹೊಗಿ.”

“ಅದು ಹೊಗಿ ಅಲ್ರಿ, ಅದರ ಬಾಲ!” ಎಂದು ಸಂಭ್ರಮದಿಂದ ಕೂಗಿದೆ. ಕೂಗಿದವನು ಕೆಮ್ಮಿದೆ. ಗುತ್ತೆಪ್ಪನವರೂ ಕೆಮ್ಮಿದರು. ಧೂಮಕೇತುವಿನ ಬಾಲಕ್ಕೆ ಜಾಲಿ ಕಟ್ಟಿಗೆಯ ವಾಸನೆ! ಬೀಗರು ತಣ್ಣೀರು ಸ್ನಾನ ಮಾಡಬಾರದೆಂದು ಸುಶೀಲಾ ಕೊಳವೆಯಿಲ್ಲದ ಬಂಬಿಗೆ ಉರಿ ಹಾಕಿದ್ದಳು. ಹೊಗೆ ಬಚ್ಚಲು ತುಂಬಿ, ಅಡುಗೆಮನೆ ತುಂಬಿ, ಬೆಳಕಿಂಡಿಯಿಂದ ನುಗ್ಗಿ ಮಾಳಿಗೆಗೆ ಬಂದಿತ್ತು. ಧೂಮವೇನೋ ಧಾರಾಳವಾಗಿತ್ತು, ಕೇತು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಸುಶೀಲಾಳ ಕೂಗು. ಹೊಗೆ ತಾಳಲಾರದೆ ಅವಳು ಹೊರಗೆ ಓಡಿದ್ದಳು. “ಇಲ್ಲೆ ಬರ್ರೀ! ಫಕ್ರುಸಾಬನ ಖಾರದ ಅಂಗಡಿ ಮ್ಯಾಲ ಐತಿ! ಹತ್ತಿ ಹಿಂಜಿ ಬಿಟ್ಟಂಗ ಕಾಣ್ತೈತಿ!”

ಉಳಿವೆಪ್ಪ ಧಡಧಡ ಇಳಿದ. ಗುತ್ತೆಪ್ಪನವರೂ ಇಳಿದರು. ಖಾರ ಕರಿಯಲು ಅಂಗಡಿಯ ಒಲೆ ಹೊತ್ತಿಸುತ್ತಿದ್ದ ಫಕ್ರುಸಾಬನೂ ಹೊರಗೆ ಬಂದು ನೋಡಿದ. ಬೀದಿಯ ನಾಯಿ ಕೂಡ ನೋಡಿರಬೇಕು. ನಾನೊಬ್ಬ ಕೊಳವೆ ಹೊತ್ತು ಮಾಳಿಗೆಯ ಮೇಲೆ! ಬಿಟ್ಟರೆ ಭೂತಗನ್ನಡಿ ಒಡೆಯುತ್ತದೆ. “ಯಾರರ ಬರ್ರಪೋ!” ಎಂದು ಅರಚಿದರೂ ಒಬ್ಬರೂ ಹೊರಳಿ ನೋಡಲಿಲ್ಲ. ಹೇಗೋ ಇಂಚಿಂಚು ಬಗ್ಗಿ, ಕೊಳವೆ ಇಳಿಸಿ, ಸೊಂಟ ಹಿಡಿದುಕೊಂಡು ಹಿಂದೆ ತಿರುಗುವಷ್ಟರಲ್ಲಿ ಬೆಳಕು ಹರಿದಿತ್ತು. ಧೂಮಕೇತು ಬಂದು ನನ್ನ ಬೆನ್ನು ನೋಡಿಕೊಂಡು ಹೋಗಿತ್ತು!

ಕೆಳಗೆ ಅದಕ್ಕಿಂತ ದೊಡ್ಡ ಅನಾಹುತ ಕಾದಿತ್ತು. ಗುತ್ತೆಪ್ಪನವರು ತಲೆಗೆ ಪಟಗ ಸುತ್ತಿಕೊಂಡು, ಚೀಲ ಬಗಲಿಗೆ ಹಾಕಿ ಹೊರಟು ನಿಂತಿದ್ದರು. ಮುಖ ಬಿಳಿಚಿತ್ತು.

“ಕಿವಿಯಿಂದ ಕೇಳಿದ್ದೆ ಅಷ್ಟ. ಈಗ ಕಣ್ಣಾರೆ ಕಂಡೆ. ಈ ಸಂಬಂಧಾನ ಬ್ಯಾಡ್ರಿ. ಮೊದಲ ಬಸ್ಸಿಗೆ ಹೋಗ್ತೇನಿ.”

“ಅದು ಬರ್ಫಿನ ಗಡ್ಡಿರಿ!” ಎಂದೆ.

“ಬರ್ಫಿಗೆ ಬಾಲ ಎಲ್ಲಿಂದ ಬಂತ್ರಿ ಮಾಸ್ತರ್ರ?”

ಸೂರ್ಯ, ಶಾಖ, ಆವಿ ಎಂದು ನಾನು ತೊದಲತೊಡಗಿದೆ. ಉಳಿವೆಪ್ಪ ಕಟ್ಟೆಯ ಮೇಲೆ ಕುಸಿದ. ನನ್ನ ಜಂಬಕ್ಕೆ ಹುಡುಗನ ಮದುವೆ ಮುರಿದುಬಿತ್ತಲ್ಲ! ಸುಮ್ಮನೆ ಹಲಗೆಯ ಮೇಲೆ ಬಾಲ ಎಳೆದುಕೊಂಡು ಇದ್ದಿದ್ದರೆ ಗಂಟೇನು ಹೋಗುತ್ತಿತ್ತು?

ಆಗ ಒಳಗಿನಿಂದ ಅವ್ವ ಬಂದಳು. ಒಂಟಿಗಾಜಿನ ಕನ್ನಡಕದಲ್ಲಿ ಗುತ್ತೆಪ್ಪನವರ ಮುಖವನ್ನೇ ದಿಟ್ಟಿಸಿದಳು. ಅವರ ಬಲಗಣ್ಣಿನ ಸುತ್ತ ಕೊಳವೆಯ ಮಸಿ ಬಳೆಯಂತೆ ಕೂತಿತ್ತು.

“ಅಲ್ರೀ, ಕಣ್ಣಿಗೆ ಕಪ್ಪು ಹಚ್ಚಿಸಿಕೊಂಡ ನೋಡೀರಿ. ಇನ್ನ ದೋಷ ಎಲ್ಲೀದು? ಹಿಂದಿನ ಸಲ ಈ ಚುಕ್ಕಿ ಬಂದಾಗ ನಾನು ಕೈಗೂಸು. ನಮ್ಮವ್ವ ನನಗ ಹಿಂಗ ಮಸಿ ಹಚ್ಚಿದ್ಲಂತ. ಇಷ್ಟು ವರ್ಷ ಬದುಕಿಲ್ಲೇನು?”

ಗುತ್ತೆಪ್ಪನವರು ಬೆರಳಿನಿಂದ ಕಣ್ಣ ಸುತ್ತ ಮುಟ್ಟಿ ನೋಡಿಕೊಂಡರು. ಉಳಿವೆಪ್ಪನ ಕಣ್ಣು ನೋಡಿದರು, ಅಲ್ಲೂ ಅದೇ ಬಳೆ. ಅವರ ಮುಖ ನಿಧಾನವಾಗಿ ಅರಳಿತು.

“ಮಾಸ್ತರ್ರ! ಮೊದಲ ಹೇಳಬಾರದ? ಅದಕ್ಕ ಮಸಿ ಕೊಳವಿ ತಂದ ಹಿಡದೀರಿ! ನಾನು ಏನೋ ಬರ್ಫು, ಧೂಳು ಅಂತ ತಿಳಕೊಂಡಿದ್ದೆ!”

ನಾನು ಎದೆಯುಬ್ಬಿಸಿದೆ. ಇದೇ ಸಮಯ, ಮೂಢನಂಬಿಕೆಯ ಬುಡಕ್ಕೆ ಕೊಡಲಿ ಹಾಕಬೇಕು! “ನೋಡ್ರಿ ಗುತ್ತೆಪ್ಪನವರ, ವಿಜ್ಞಾನದ ಪ್ರಕಾರ...”

ಸುಶೀಲಾ ನನ್ನ ಕಾಲ ಹೆಬ್ಬೆರಳನ್ನು ಹಿಮ್ಮಡಿಯಿಂದ ಒತ್ತಿ ಹಿಡಿದಳು. “ಹೂಂ ಅನ್ರಿ,” ಎಂದಳು ಹಲ್ಲು ಬಿಚ್ಚದೆ.

ಉಳಿವೆಪ್ಪನ ಮುಖ ನೋಡಿದೆ. “ಹೂಂ,” ಎಂದೆ.

ಗುತ್ತೆಪ್ಪನವರು ಬಿಸಿನೀರಿನಲ್ಲಿ ಮೈ ತೊಳೆದರು, ಕಣ್ಣು ಮಾತ್ರ ತೊಳೆಯಲಿಲ್ಲ. ಯುಗಾದಿಯ ಮೊದಲೇ ನಿಶ್ಚಯವೆಂದು ಹೇಳಿ, ಆ ಬಳೆ ಹೊತ್ತುಕೊಂಡೇ ಬಸ್ ಹತ್ತಿದರು.

ಎಲ್ಲವನ್ನೂ ಕಂಡಿದ್ದ ಫಕ್ರುಸಾಬ ಸುಮ್ಮನಿರುವ ಆಸಾಮಿಯಲ್ಲ. ಖಾರ ಕೊಳ್ಳಲು ಬಂದವರಿಗೆಲ್ಲ ಪೊಟ್ಟಣದ ಜೊತೆಗೆ ಸುದ್ದಿಯನ್ನೂ ಕಟ್ಟಿಕೊಟ್ಟ. ಮರುದಿನ ನಮ್ಮ ಬಾಗಿಲಲ್ಲಿ ಸಾಲು! ಎಲೆಬಳ್ಳಿ ತೋಟದವರು ಬಂದರು, ಕೂಸು ಎತ್ತಿಕೊಂಡ ತಾಯಂದಿರು ಬಂದರು. ತಡಸದಿಂದ ಬಂದವನೊಬ್ಬ ತನ್ನ ಎತ್ತಿನ ಕಣ್ಣಿಗೂ ಹಚ್ಚಬೇಕೆಂದು ಹಟ ಹಿಡಿದ.

“ಬೆಳಗಿನ ಜಾವ ಬರ್ರಿ, ಚುಕ್ಕಿ ತೋರಸ್ತೇನಿ,” ಎಂದೆ.

“ಚುಕ್ಕಿ ಬ್ಯಾಡ್ರಿ, ಕಪ್ಪು ಅಷ್ಟ ಸಾಕು!”

ನಮ್ಮ ಹೆಡ್‌ಮಾಸ್ತರರು ನಡುಮಧ್ಯಾಹ್ನ ಬಂದು, “ನನ್ನದು ಬರೇ ವೈಜ್ಞಾನಿಕ ಆಸಕ್ತಿರಿ,” ಎನ್ನುತ್ತ ಕೊಳವೆಯನ್ನು ಹಂದರದ ಕಡೆ ತಿರುಗಿಸಿ, ಕಣ್ಣು ಒತ್ತಿ, ಚೆನ್ನಾಗಿ ತಿಕ್ಕಿಕೊಂಡು ಹೋದರು. ಮಸಿ ಮುಗಿಯುತ್ತ ಬಂದಂತೆ ಸುಶೀಲಾ ಕೊಳವೆಯನ್ನು ಬಂಬಿಗೆ ಸಿಕ್ಕಿಸಿ, ಹಸಿ ಕಟ್ಟಿಗೆ ಹಾಕಿ ಹೊಸ ಮಸಿ ಕಟ್ಟಿಸಿದಳು. ಸೋಮವಾರದ ಪ್ರಾರ್ಥನೆಗೆ ನಿಂತ ಇಡೀ ಶಾಲೆಯ ಬಲಗಣ್ಣು ಕಪ್ಪಾಗಿತ್ತು. ಮೂಢನಂಬಿಕೆ ಕೀಳಲು ಹೊರಟವನು ಒಂದೇ ವಾರದಲ್ಲಿ ಹೊಸದೊಂದನ್ನು ನೆಟ್ಟು, ನೀರು ಹಾಕಿ, ಹೂ ಬಿಡಿಸಿದ್ದೆ! ಈ ಗದ್ದಲದಲ್ಲಿ ನನಗೆ ಬೆಳಗಿನ ಜಾವ ಎಚ್ಚರವೇ ಆಗುತ್ತಿರಲಿಲ್ಲ. ಎಚ್ಚರವಾದ ದಿನ ಆಕಾಶದ ತುಂಬ ಹುಣ್ಣಿಮೆಯ ಬೆಳಕು.

ನಿಶ್ಚಯದ ದಿನ ಬಂತು. ದುಂಡಸಿಯ ಮನೆಯ ಹೊಸ್ತಿಲಲ್ಲಿ ಗುತ್ತೆಪ್ಪನವರ ಅಕ್ಕ ಮಹಾದೇವಕ್ಕ ನನ್ನನ್ನು ತಡೆದರು.

“ಮಾಸ್ತರ್ರ, ನಿಮಗ ಕಪ್ಪು ಆಗೈತಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಸುಶೀಲಾ, “ಇಲ್ರಿ, ಇವರು ಕೊಳವಿ ಹಿಡಕೊಂಡ ನಿಂತಿದ್ರು. ಕಣ್ಣ ಹಚ್ಚಿಲ್ಲ,” ಎಂದುಬಿಟ್ಟಳು!

“ಹಂಗಾರ ಎಲ್ಲಾರದೂ ಆಗಿ ಇವರದೊಬ್ಬರದ ಉಳದೈತಿ!”

ಮಹಾದೇವಕ್ಕ ಒಳಗೆ ಹೋಗಿ ರೊಟ್ಟಿ ಹಂಚಿನ ಮಸಿಯನ್ನು ತಂಬಿಗೆಯ ಬಾಯಿಗೆ ಸವರಿಕೊಂಡು ಬಂದರು. ಉಳಿವೆಪ್ಪ ಕೈ ಮುಗಿದು ನಿಂತಿದ್ದ. ನಾನು ಕಣ್ಣು ಮುಚ್ಚಿದೆ. ತಂಬಿಗೆ ಬಲಗಣ್ಣಿನ ಮೇಲೆ ಒತ್ತಿತು. ಇಪ್ಪತ್ತು ವರ್ಷ ಡ್ರಾಯಿಂಗ್ ಕಲಿಸಿದರೂ ನನ್ನ ಕೈಯಲ್ಲಿ ಅಷ್ಟು ದುಂಡನೆಯ ವೃತ್ತ ಎಂದೂ ಬಂದಿರಲಿಲ್ಲ. ಒರೆಸಿಕೊಳ್ಳಲು ಹೋದರೆ, “ಫೋಟೋ ಆಗೋತನಕ ಇರಲಿ!” ಎಂದರು. ಫೋಟೋ ಆಯಿತು. ಎಲ್ಲರೂ ಮುಖ ತೊಳೆದು, ಪೌಡರ್ ಹಚ್ಚಿ, ನಗುತ್ತ ನಿಂತಿದ್ದಾರೆ. ನಡುವೆ ಕಪ್ಪು ಬಳೆಯ ಒಂಟಿ ಕಣ್ಣಿನಲ್ಲಿ ನಾನು!

ಉಳಿವೆಪ್ಪ ಅದರದೊಂದು ಪ್ರತಿ ತೆಗೆದುಕೊಂಡು ಹಡಗು ಹತ್ತಿದ. ಮೇ ತಿಂಗಳಲ್ಲಿ ಅವನ ಕಾಗದ ಬಂತು. ಸುಶೀಲಾ ದೊಡ್ಡ ದನಿಯಲ್ಲಿ ಓದಿದಳು: “ಮಾಮಾಗ ಶರಣು. ಫೋಟೋ ಹಡಗದ ಅಡಗಿಮನ್ಯಾಗ ಹಚ್ಚೇನಿ. ಇಲ್ಲೆ ಭೂಮಿ ಕೆಳಗಿನ ಅರ್ಧದಾಗ ಚುಕ್ಕಿ ಇನ್ನೂ ಸಣ್ಣಗ ಕಾಣಾಕತ್ತೈತಿ. ಆದ್ರ ಈ ಮಂದಿ ಅದನ್ನ ಬಿಟ್ಟು ನಿಮ್ಮನ್ನ ನೋಡಾಕ ಬರ್ತಾರ.”

ಅವ್ವ ನಕ್ಕಳು. ನಾನು ಪಡಸಾಲೆಯ ಗೋಡೆಗೆ ತೂಗುಹಾಕಿದ ನಮ್ಮ ಪ್ರತಿಯ ಕಡೆ ನೋಡದೆ, “ಅಂತೂ ಆ ಹಾಳ ಚುಕ್ಕಿ ನನ್ನೊಬ್ಬಗ ಕಾಣಲಿಲ್ಲ ನೋಡು,” ಎಂದು ನಿಟ್ಟುಸಿರು ಬಿಟ್ಟೆ.

ಸುಶೀಲಾ ಕಾಗದ ಮಡಚಿದಳು. “ಬಿಡ್ರಿ, ನೀವರ ಭೂಮಿ ಎರಡೂ ಅರ್ಧಕ್ಕ ಕಂಡ್ರಲ್ಲ! ಅದನ್ನ ನೋಡಬೇಕಂದ್ರ ಎಪ್ಪತ್ತಾರು ವರ್ಷ ಕಾಯಬೇಕು. ನೀವು ದಿನಾ ಪಡಸಾಲ್ಯಾಗ ಕಾಣ್ತೀರಿ!”