ಅವ್ವನ ದನಿಗೆ ಸ್ಪೀಕರ್ ಕೊಂಡ ತಪ್ಪಿಗೆ

ಪ್ರತಿ ಶನಿವಾರ ಯೂಟ್ಯೂಬಿನಲ್ಲಿ ಸ್ಪೀಕರುಗಳ ಗುಣದೋಷ ವಿಚಾರಿಸಿ ಲಕ್ಷಾಂತರ ಕಿವಿಗಳ ಕಣ್ಣು ತೆರೆಸುತ್ತಿರುವ ಪುಣೆಯ ಧ್ವನಿಪಂಡಿತರ ಸನ್ನಿಧಿಗೆ,

ಮಾನ್ಯರೇ,

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ದರಿಬಡಚಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಮಸಿದ್ದನ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ತಮ್ಮ ಕಿವಿಗಳು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ತಾವು ಮರಾಠಿಯಲ್ಲಿ ಹೇಳುತ್ತೀರಿ, ನಾನು ಕನ್ನಡದಲ್ಲಿ ತಿಳಿದುಕೊಳ್ಳುತ್ತೇನೆ. ನಡುವೆ ಏನಾದರೂ ಕೆಟ್ಟಿದ್ದರೆ ಅದು ಎರಡು ಭಾಷೆಗಳ ತಪ್ಪೇ ಹೊರತು ತಮ್ಮದಲ್ಲವೆಂದು ಮೊದಲೇ ಒಪ್ಪಿಕೊಂಡು ಈ ದೂರನ್ನು ಆರಂಭಿಸುತ್ತೇನೆ.

ನನ್ನ ತಾಯಿ ಹಣಮವ್ವ ನಲವತ್ತು ವರ್ಷ ಡೊಳ್ಳಿನ ಹಾಡು ಹಾಡಿದವರು. ಮೂರು ವರ್ಷದ ಹಿಂದೆ ಬಿಳೂರಿನಲ್ಲಿ ಅವರು ಕುರಿಗಾರನ ಹಾಡು ಹಾಡಿದ್ದನ್ನು ಯಾರೋ ಪುಣ್ಯಾತ್ಮರು ಒಳ್ಳೆಯ ಯಂತ್ರ ತಂದು ಮುದ್ರಿಸಿಕೊಂಡು, ಒಂದು ಪ್ರತಿಯನ್ನು ನನಗೂ ಕಳಿಸಿದರು. ನಾನು ಹಿರಿಹಿರಿ ಹಿಗ್ಗಿ ಅದನ್ನು ಮೊಬೈಲಿನಲ್ಲಿ ಹಚ್ಚಿದೆ. ಅವ್ವ ಅರ್ಧ ನುಡಿ ಕೇಳಿ, "ಯಾರೋ ಇಕಿ? ಡಬ್ಬ್ಯಾಗ ಕುಂತು ಅಳಾಕತ್ಯಾಳಲ್ಲ" ಎಂದರು. ನೀನೇ ಅವ್ವಾ ಎಂದೆ. ಮರುದಿನ ತಮ್ಮ ತಾಳಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, "ದನಿ ಹ್ವಾತು" ಎಂದವರು ಮತ್ತೆ ಹಾಡಲು ಬಾಯಿ ಬಿಡಲಿಲ್ಲ. ಮೊಬೈಲಿನ ತಪ್ಪಿಗೆ ಒಂದು ಕಂಠವೇ ಶಿಕ್ಷೆ ಅನುಭವಿಸುವುದನ್ನು ನೋಡಲಾರದೆ ನಾನು ತಮ್ಮ ಮೊರೆಹೊಕ್ಕೆ.

ಇಪ್ಪತ್ತೆರಡು ವರ್ಷ ಗಿರಣಿಯ ಪಕ್ಕದಲ್ಲಿ ಕಳೆದ ಈ ಕಿವಿಗಳು ತಮ್ಮ ಅರವತ್ನಾಲ್ಕು ವಿಡಿಯೋಗಳನ್ನು ಕೇಳಿದವು. ಕೈಯಲ್ಲಿ ದುಡ್ಡು ಕಡಿಮೆಯಿದ್ದವರು ಮೊದಲು ಕೋಣೆಯನ್ನು ಸುಧಾರಿಸಬೇಕು, ಸ್ಪೀಕರಿನ ಮಾತು ಆಮೇಲೆ ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಮ್ಮದು ಕುರಿ ಸಾಕುವ ಮನೆತನವಾದ್ದರಿಂದ ಕಂಬಳಿಗೆ ಬರವಿರಲಿಲ್ಲ. ನಾಲ್ಕೂ ಗೋಡೆಗೆ ಕಂಬಳಿ ಹೊಡೆದೆ. ಮಂದ್ರ ಸ್ವರಗಳು ಮೂಲೆಯಲ್ಲಿ ಸೇರಿ ಗದ್ದಲ ಮಾಡುತ್ತವೆ, ಮೂಲೆಗಳನ್ನು ಭಾರವಾದ ವಸ್ತುಗಳಿಂದ ತುಂಬಿ ಎಂದಿರಿ. ಜೋಳದ ಚೀಲಗಳನ್ನು ಸೂರಿನವರೆಗೆ ಒಟ್ಟಿದೆ. ಚೀಲ ಬಿಚ್ಚಿದರೆ ನಾದ ಕೆಡುತ್ತದೆಂದು ನನ್ನ ಹೆಂಡತಿ ದೀಪಾಲಿಗೆ ವಿವರಿಸಿದಾಗ ಆಕೆ ಮೊರ ಹಿಡಿದು ನಿಂತಲ್ಲೇ, "ರೊಟ್ಟಿ ಬೇಕೋ, ನಾದ ಬೇಕೋ, ಒಂದು ಹೇಳ್ರಿ" ಎಂದಳು. ತಮ್ಮ ವಿಡಿಯೋಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಎರಡು ದಿನ ನಾನು ಚುರುಮುರಿ ತಿಂದೆ.

ಆಮೇಲೆ ತಮ್ಮ ಜಗತ್ಪ್ರಸಿದ್ಧ ತ್ರಿಕೋನ. ಎರಡು ಸ್ಪೀಕರು, ಒಬ್ಬ ಕೇಳುಗ, ಮೂರೂ ಸಮದೂರದಲ್ಲಿರಬೇಕು, ಆ ಮೂರನೆಯ ಬಿಂದುವಿನಲ್ಲಿಯೇ ಸ್ವರ್ಗವಿದೆ ಎಂದಿರಿ. ಬಟ್ಟೆ ಒಣಹಾಕುವ ಹಗ್ಗ ಹಿಡಿದು ಅಳೆದೆ. ಸ್ವರ್ಗವು ಸರಿಯಾಗಿ ನಮ್ಮ ಹೊಸ್ತಿಲಿನ ಮೇಲೆ ಬಂತು. ಹೊಸ್ತಿಲ ಮೇಲೆ ಕುಳಿತರೆ ಮನೆಗೆ ಒಳ್ಳೆಯದಲ್ಲವೆಂದು ದೀಪಾಲಿ, ಬೇರೆಡೆ ಕುಳಿತರೆ ನಾದಕ್ಕೆ ಒಳ್ಳೆಯದಲ್ಲವೆಂದು ತಾವು. ಕೊನೆಗೆ ಕಪಾಟು, ಮಂಚ, ದೇವರ ಜಗಲಿ ಎಲ್ಲವನ್ನೂ ಒಂದೊಂದು ಮೊಳ ಸರಿಸಿದೆ. ಈಗ ನಮ್ಮ ದೇವರು ಪೂರ್ವಕ್ಕೂ ಅಲ್ಲ, ಉತ್ತರಕ್ಕೂ ಅಲ್ಲ, ತಮ್ಮ ಕಡೆಗೆ ಮುಖ ಮಾಡಿದ್ದಾನೆ.

ಕೊಳ್ಳುವ ಮುನ್ನ ನಿಮಗೆ ಚೆನ್ನಾಗಿ ಪರಿಚಯವಿರುವ ದನಿಯನ್ನೇ ಅಂಗಡಿಗೆ ಒಯ್ದು ಕೇಳಿ ಎಂದಿದ್ದಿರಿ. ಎಸ್‌ಟಿ ಬಸ್ಸು ಹತ್ತಿ ಸಾಂಗಲಿಗೆ ಹೋದೆ. ಗಾಜಿನ ಕೋಣೆಯಲ್ಲಿ ನನ್ನಷ್ಟೇ ಎತ್ತರದ ಎರಡು ಕರಿಯ ಸ್ಪೀಕರುಗಳು ನಿಂತಿದ್ದವು. ಟೊಪ್ಪಿಗೆ ತೆಗೆದು ಒಳಹೊಕ್ಕೆ. ಅಂಗಡಿಯವರು ಅವ್ವನ ಹಾಡು ಹಚ್ಚಿದರು. ಮಾನ್ಯರೇ, ಅವ್ವ ಉಸಿರು ಎಳೆದುಕೊಂಡದ್ದು ಕೇಳಿಸಿತು. ಬಳೆ ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಬೆಲೆ ಕೇಳಿದೆ, ನೀರು ನಿಂತುಹೋಯಿತು. ನನ್ನ ಶಕ್ತಿ ಎಷ್ಟೆಂದು ಹೇಳಿದಾಗ ಅವರು ಬಹಳ ಮರ್ಯಾದೆಯಿಂದ ಚಹಾ ತರಿಸಿ, ನಮ್ಮ ಮನೆಯ ಉಪ್ಪಿನ ಡಬ್ಬಿಗಿಂತ ತುಸು ಸಣ್ಣದಾದ ಜೋಡಿಯೊಂದನ್ನು ತೋರಿಸಿದರು. ಅದರೊಳಗೆ ಅವ್ವ ಮತ್ತೆ ಅಳತೊಡಗಿದ್ದರು.

ಚಹಾ ಕುಡಿದು ಎದ್ದೆ. ಕಡಿಮೆ ಹಣಕ್ಕೆ ಹಿರಿದಾದ ನಾದ ಬೇಕೆಂದರೆ ಹಳೆಯದನ್ನು ಹುಡುಕಿ ಎಂಬ ತಮ್ಮ ನಲವತ್ತೊಂದನೆಯ ವಿಡಿಯೋ ನೆನಪಾಯಿತು. ಒಂದು ತಿಂಗಳು ಹುಡುಕಿದ ಮೇಲೆ ಮಿರಜದಲ್ಲಿ ನಿವೃತ್ತ ದಂತವೈದ್ಯರೊಬ್ಬರ ಮನೆಯಲ್ಲಿ ಸಾಗವಾನಿಯ ಹಳೆಯ ಜೋಡಿಯೊಂದು, ಆಂಪ್ಲಿಫೈಯರ್ ಸಮೇತ, ನನ್ನ ಅಳವಿಗೆ ದಕ್ಕಿತು. ಕಂಬಳಿ ಹೊದಿಸಿ ಜೀಪಿನ ಮೇಲೆ ಕಟ್ಟಿ ತಂದಾಗ, ದಾರಿಯಲ್ಲಿ ಜನರು ಯಾರು ಹೋದರೆಂದು ಕೇಳಿ ಕೈಮುಗಿದರು.

ಆ ಸಂಜೆ ಅವ್ವನನ್ನು ತ್ರಿಕೋನದ ಮೂರನೆಯ ಬಿಂದುವಿನಲ್ಲಿ ಕೂರಿಸಿ ಹಾಡು ಹಚ್ಚಿದೆ. ಬಿಳೂರಿನ ಅದೇ ದನಿ, ಬಿಚ್ಚಿದ ಬಾಯಿಯ ದನಿ, ಮನೆ ತುಂಬಿತು. ಅವ್ವ ಅಲುಗಾಡಲಿಲ್ಲ. ನಾಲ್ಕನೆಯ ನುಡಿ ಬಂದಾಗ ಕೈಯೆತ್ತಿದರು. ಈಗ ಹರಸುತ್ತಾರೆಂದು ತಲೆ ಬಾಗಿದೆ.

"ನಿಂದ್ರಸೋ! ಮೂರನೇ ನುಡ್ಯಾಗ ಕುರಿ ಇನ್ನಾ ಹೊಳಿಗೇ ಇಳದಿಲ್ಲ, ನಾಕನೇ ನುಡ್ಯಾಗ ಆಚಿ ದಂಡಿಗೆ ಮೇಯಾಕತ್ಯಾವ! ಹೊಳಿ ದಾಟಸೂ ನುಡಿ ನುಂಗೇನಲ್ಲೋ ಯಪ್ಪಾ! ಮೂರ ವರ್ಷ ಆತು, ಯಾರೂ ಹೇಳಿಲ್ಲ!"

ಇಷ್ಟು ಹೇಳಿದವರೇ ನನ್ನನ್ನು ಅಟ್ಟಕ್ಕೆ ಹತ್ತಿಸಿ ತಾಳ ಇಳಿಸಿಕೊಂಡು, ನುಂಗಿದ ನುಡಿಯನ್ನು ಅಲ್ಲಿಯೇ ನಿಂತು ಹಾಡಿ, ಒಂದೊಂದೇ ಕುರಿಯನ್ನು ಹೊಳೆ ದಾಟಿಸಿದರು. ದೀಪಾಲಿ ಮೊರ ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತಳು. ದನಿ ಹೋಗಿರಲಿಲ್ಲ, ಮಾನ್ಯರೇ. ಮೂರು ವರ್ಷದಲ್ಲಿ ತುಸು ಒರಟಾಗಿತ್ತು, ಅಷ್ಟೇ.

ಒಳ್ಳೆಯ ಸ್ಪೀಕರು ಪ್ರತಿ ತಪ್ಪನ್ನೂ ತೋರಿಸುತ್ತದೆ ಎಂದು ತಾವು ಹೊಗಳಿದ್ದಿರಿ. ತೋರಿಸಿದ ಮೇಲೆ ಏನಾಗುತ್ತದೆಂದು ಎಚ್ಚರಿಸಲಿಲ್ಲ, ಅದೇ ನನ್ನ ದೂರು. ಮರುದಿನವೇ ಅವ್ವ ಬಿಳೂರಿನಲ್ಲಿ ಡೊಳ್ಳು ಬಾರಿಸಿದ್ದ ಸಾತಪ್ಪನನ್ನು ಕರೆಸಿ, ಎರಡನೆಯ ನುಡಿಯಲ್ಲಿ ಆತನ ಕೈ ಹಿಂದೆ ಬಿದ್ದದ್ದನ್ನು ಸಾಕ್ಷಿ ಸಮೇತ ಏಳು ಸಲ ಕೇಳಿಸಿದರು. ಎಪ್ಪತ್ತರ ಆ ಮುದುಕ, "ನನಗ ಆವತ್ತ ಜ್ವರ ಇತ್ತವಾ" ಎಂದು ಬೇಡಿಕೊಂಡರೂ ಬಿಡದೆ ಈಗ ದಿನಾ ಬರಹೇಳಿದ್ದಾರೆ. ಆತ ಬರುವಾಗ ಡೊಳ್ಳನ್ನೂ ತರುತ್ತಾನೆ. ಹೀಗೆ ತಮ್ಮ ತ್ರಿಕೋನದಲ್ಲಿ ಅವ್ವ, ಸಾತಪ್ಪ ಮತ್ತು ಡೊಳ್ಳು ಸಮದೂರದಲ್ಲಿ ಕುಳಿತಿರುವುದರಿಂದ ಸ್ಪೀಕರುಗಳಿಗೆ ಬಾಯಿ ತೆರೆಯುವ ಅವಕಾಶವೇ ಇಲ್ಲ. ಅವುಗಳ ಮೇಲೆ ದೀಪಾಲಿ ಹಪ್ಪಳ ಒಣಹಾಕುತ್ತಾಳೆ.

ಆದ್ದರಿಂದ ತಾವು ದಯಮಾಡಿ ಎಪ್ಪತ್ತೊಂದು ವರ್ಷದ ತಾಯಿಯ ದನಿಯನ್ನು ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ತಗ್ಗಿಸುವ ರಿಮೋಟು ಯಾವ ಕಂಪನಿಯದು ಚಲೋ ಎಂಬ ಬಗ್ಗೆ ಶೀಘ್ರವೇ ಒಂದು ವಿಡಿಯೋ ಮಾಡಬೇಕೆಂದೂ, ಅಂಥದ್ದು ಇಲ್ಲವಾದರೆ ಇಲ್ಲವೆಂದು ಯಾರಿಗೂ ಹೇಳದೆ ಗುಟ್ಟಾಗಿಡಬೇಕೆಂದೂ ವಿನಂತಿಸುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಅಮಸಿದ್ದ
ಹಿಟ್ಟಿನ ಗಿರಣಿ, ದರಿಬಡಚಿ

ತಾ.ಕ.: ಹೋದ ಶನಿವಾರ ತಮ್ಮ ಹೊಸ ವಿಡಿಯೋವನ್ನು ಹಪ್ಪಳ ಸರಿಸಿ ಇದೇ ಸ್ಪೀಕರುಗಳಲ್ಲಿ ಅವ್ವನಿಗೆ ಕೇಳಿಸಿದೆ. ತಾವು ಸೂಕ್ಷ್ಮ ಶ್ರವಣದ ಬಗ್ಗೆ ಮಾತಾಡುತ್ತಿದ್ದ ಹದಿನೆಂಟು ನಿಮಿಷಗಳಲ್ಲಿ ತಮ್ಮ ಹಿಂದಿನ ಕೋಣೆಯಿಂದ ಹಿರಿಯ ಹೆಂಗಸೊಬ್ಬರು ತಮ್ಮನ್ನು ಊಟಕ್ಕೆ ಬಾರೆಂದು ನಾಲ್ಕು ಸಲ ಕೂಗಿದ್ದಾರೆ. ತಮಗೆ ಕೇಳಿಸಿದಂತಿಲ್ಲ. "ಮದ್ಲ ಉಂಡು ಬಾ ಅನ್ನು ಆ ತಮ್ಮಗ" ಎಂದು ಅವ್ವ ಹೇಳಿದ್ದಾರೆ.