ಎಲ್ಲರ ತೋಟದ ಬುಡಕ್ಕೂ ಕಟ್ಟ

ಅಡ್ಡಗದ್ದೆಯ ಯಜ್ಞೇಶ ಬೆಳಿಗ್ಗೆ ಕಮಲಕ್ಕನ ಜಗಲಿಯಲ್ಲಿ ಹೇಳಿದ್ದು ಸಣ್ಣದೊಂದು ಸುಳ್ಳು. ಹೇಳದೆ ಗತಿಯಿರಲಿಲ್ಲ. ಹಳ್ಳಕ್ಕೆ ಅಡ್ಡಲಾಗಿ ನೀರು ನಿಲ್ಲಿಸುವ ಕಟ್ಟ ಎಲ್ಲಿ ಹಾಕಬೇಕು, ಬೇಸಿಗೆಯಲ್ಲಿ ಬಾವಿಗಳು ಬತ್ತದಂತೆ ಏನು ಮಾಡಬೇಕು ಎಂದು ಊರವರನ್ನೇ ಕೇಳಿ ಯೋಜನೆ ಬರೆಯಲು ಎಂಜಿನಿಯರ್ ಅರ್ಪಣಾ ಅಂದು ಶಾಲೆಗೆ ಬರುವವರಿದ್ದರು. ಹಿಂದಿನ ಸಭೆಗೆ ಬಂದದ್ದು ಯಜ್ಞೇಶ ಮತ್ತು ಮೈಕಿನವನು, ಇಬ್ಬರೇ. ಈ ಸಲವೂ ಜನ ಸೇರದಿದ್ದರೆ ಯೋಜನೆ ಬೇರೆ ಊರಿನ ಪಾಲು. ನೀರಿನ ಸಂಘದ ಕಾರ್ಯದರ್ಶಿಯಾದ ತಪ್ಪಿಗೆ ಮನೆಮನೆಗೆ ಹೋಗಿ ಕರೆಯುವ ಕೆಲಸ ಅವನ ಕೊರಳಿಗೆ ಬಿದ್ದಿತ್ತು.

"ಸಭೆಗೆಲ್ಲ ಬರೂಕೆ ಪುರ್ಸೊತ್ತಿಲ್ಲ ಮಾರಾಯ," ಎಂದರು ಕಮಲಕ್ಕ.

"ಎಂತ ಹೇಳ್ತೀರಿ ಕಮಲಕ್ಕ! ಕಟ್ಟ ಬರೂದೇ ನಿಮ್ಮ ತೋಟದ ಬುಡಕ್ಕೆ. ನೀವೇ ಇಲ್ದಿದ್ರೆ ಹೆಂಗೆ?"

ಕಮಲಕ್ಕ ಆಗಲೇ ಸೀರೆ ಬದಲಾಯಿಸಲು ಒಳಗೆ ಹೋದರು.

ಮದ್ದು ಇಷ್ಟು ಚೆನ್ನಾಗಿ ಹತ್ತುತ್ತದೆಂದು ಯಜ್ಞೇಶನೂ ಎಣಿಸಿರಲಿಲ್ಲ. ಸುಬ್ಬಯ್ಯನವರಿಗೂ ಅದನ್ನೇ ಹೇಳಿದ. ಪ್ರೇಮಕ್ಕನಿಗೂ ಹೇಳಿದ. ತಿಮ್ಮಣ್ಣನ ಮನೆ ಮುಟ್ಟುವಷ್ಟರಲ್ಲಿ ಕೈ ಚಾಚಿ, "ಇಗೋ, ಇಲ್ಲೀವರೆಗೆ ನೀರು ನಿಲ್ತದೆ ನೋಡಿ," ಎಂದು ತೋರಿಸುವಷ್ಟು ಪಳಗಿದ್ದ.

ಶಾಲೆಯ ಅಂಗಳ ಮದುವೆಮನೆಯಂತೆ ತುಂಬಿತು. ಅರ್ಪಣಾಗೆ ಖುಷಿಯೋ ಖುಷಿ. "ಒಂದು ಕಟ್ಟ ಹಾಕಬಹುದು. ಎಲ್ಲಿ ಬೇಕು, ನೀವೇ ಹೇಳಿ," ಎಂದರು.

"ನಮ್ಮಲ್ಲಿ!" ಊರೆಲ್ಲ ಒಟ್ಟಿಗೇ ಕೂಗಿತು.

"ನಿಮ್ಮಲ್ಲಿ ಹೆಂಗೆ? ನಮ್ಮಲ್ಲಿ ಅಂತ ಯಜ್ಞೇಶ ಹೇಳಿಯಾಗಿದೆ," ಎಂದರು ಸುಬ್ಬಯ್ಯ.

"ನಂಗೂ ಹೇಳಿದಾನೆ!" ಎಂದು ತಿಮ್ಮಣ್ಣ ಎದ್ದು ನಿಂತ.

ಎಲ್ಲರ ಮುಖ ತನ್ನತ್ತ ತಿರುಗಿದಾಗ ಯಜ್ಞೇಶ ಉಪ್ಪು ಬಿದ್ದ ಜಿಗಣೆಯಂತೆ ಮುದುಡಿದ. "ಟೀ ಕಮ್ಮಿ ಬಿತ್ತು, ತರ್ತೆ," ಎಂದವನೇ ಸ್ಕೂಟರ್ ಹತ್ತಿ ಪರಾರಿಯಾದ.

ಹೋಟೆಲಿನಲ್ಲಿ ಕ್ಯಾನು ತುಂಬಿದರೂ ಹೊರಡಲು ಕಾಲು ಬರಲಿಲ್ಲ. ಹಾಗೇ ಕೊಪ್ಪದ ಭಾವನ ಮನೆಗೆ ಹೋಗಿಬಿಡಲೇ ಎಂದು ಯೋಚಿಸುತ್ತಿದ್ದಾಗ ಪ್ರೇಮಕ್ಕನ ಫೋನು ಬಂತು. "ಎಲ್ಲಿದೀರಿ? ಎಲ್ಲರೂ ನಿಮ್ಮನ್ನೇ ಕಾಯ್ತಿದಾರೆ. ಬೇಗ ಬನ್ನಿ!"

ಏಟು ತಿನ್ನಲು ಸಿದ್ಧನಾಗಿಯೇ ಅವನು ಅಂಗಳಕ್ಕೆ ಕಾಲಿಟ್ಟ. ಬಿದ್ದದ್ದು ಚಪ್ಪಾಳೆ. ಕಮಲಕ್ಕ ಓಡಿಬಂದು ಕೊರಳಿಗೆ ಸೇವಂತಿಗೆ ಹಾರ ಹಾಕಿದರು.

"ನಿಮ್ಮಿಂದ ದೊಡ್ಡ ಕೆಲಸ ಆಯ್ತು ಸಾರ್," ಎಂದರು ಅರ್ಪಣಾ. "ಜಗಳ ಆಡ್ತಾನೇ ಎಲ್ಲರೂ ರಂಗೋಲಿ ಪುಡೀಲಿ ಹಳ್ಳ ಬರೆದು, ಎಲ್ಲೆಲ್ಲಿ ಮೊದಲು ಬತ್ತತ್ತೆ ಅಂತ ತೋರಿಸಿದ್ರು. ಒಂದು ದೊಡ್ಡ ಕಟ್ಟದ ಬದಲು ಅಲ್ಲಲ್ಲಿ ಸಣ್ಣ ಸಣ್ಣ ಕಟ್ಟ ಹಾಕಿದ್ರೆ ಉದ್ದಕ್ಕೂ ನೀರು ಇಂಗತ್ತೆ. ಹಾಗೇ ಮಾಡೋಣ ಅಂತ ತೀರ್ಮಾನ ಆಯ್ತು. ಎಲ್ಲರ ತೋಟದ ಬುಡಕ್ಕೂ ಕಟ್ಟ!"

ಬೆಳಗಿನ ಸುಳ್ಳುಗಳೆಲ್ಲ ಮಧ್ಯಾಹ್ನಕ್ಕೆ ನಿಜವಾಗಿದ್ದವು! ಯಜ್ಞೇಶನ ಎದೆ ಉಬ್ಬಿತು. ತಾನೇ ಗಂಗೆಯನ್ನು ಭೂಮಿಗಿಳಿಸಿದವನಂತೆ ನೆಲದ ಮೇಲಿನ ನಕ್ಷೆಯನ್ನು ನೋಡಿದ. ಹಳ್ಳದುದ್ದಕ್ಕೂ ಅಡ್ಡಗೆರೆಗಳು. ತನ್ನ ಮನೆಯ ತಿರುವಿನಲ್ಲಿ ಮಾತ್ರ ಏನೂ ಇರಲಿಲ್ಲ.

"ಮೇಡಂ, ನಮ್ಮದು?"

"ಸುಬ್ಬಯ್ಯನೋರು ಎಲ್ಲ ಹೇಳಿದ್ರು ಸಾರ್! ತಮಗೊಂದು ಬೇಕು ಅನ್ನದೆ ಊರಿಗೋಸ್ಕರ ಓಡಾಡಿದ ಮನುಷ್ಯ ಅಂತ. ನಿಮ್ಮ ತ್ಯಾಗವನ್ನ ಠರಾವಿನಲ್ಲೇ ಬರೆದು, ಎಲ್ಲರೂ ಸಹಿ ಹಾಕಿ ಆಯ್ತು."

ಮತ್ತೊಮ್ಮೆ ಚಪ್ಪಾಳೆ ಬಿತ್ತು. ಯಜ್ಞೇಶ ಕೈಮುಗಿದ.

ಹಾರದ ಸಮೇತ ಮನೆಗೆ ಬಂದಾಗ ಹೆಂಡತಿ ದೇವಕಿ ಬಾವಿಯಿಂದ ನೀರು ಸೇದುತ್ತಿದ್ದಳು. ಕೊಡಪಾನ ಬಾವಿಯ ತಳ ಕೆರೆಯುವ ಸದ್ದು ಆಗಲೇ ಕೇಳುತ್ತಿತ್ತು. ನಡೆದದ್ದನ್ನೆಲ್ಲ ಕೇಳಿ, ಹಗ್ಗ ಹಿಡಿದುಕೊಂಡೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲ ಮಾರಾಯ್ರೇ, ಊರಿಗೆಲ್ಲ ಸುಳ್ಳು ಹೇಳಿ ಸಭೆಗೆ ಕರೆದ್ರಲ್ಲ, ನಂಗೂ ಒಂದು ಹೇಳೂಕೆ ಎಂತ ಆಗಿತ್ತು ನಿಮಗೆ?"