ನಾಲ್ಕೂ ನಾಲ್ಕೂ ಎಂಟು ಓಮ್

ಬೇರೆಲ್ಲ ವಿಷಯಗಳಲ್ಲಿ ನಾನು ವಿನಯವಂತ. ಆದರೆ ಜೋಡಿಸುವ ಕೆಲಸ ಎಂದರೆ ನನಗೆ ತುಸು ಕೊಬ್ಬು. ಗದ್ವಾಲ ಸೀರೆಯ ರೇಷ್ಮೆ ಅಂಚನ್ನು ಹತ್ತಿಯ ಒಡಲಿಗೆ ಎಳೆಗೆ ಎಳೆ ಕೂಡಿಸುವ ನೇಕಾರನಿಗೆ ಎರಡು ತಂತಿ ಯಾವ ಲೆಕ್ಕ!

ಗದ್ವಾಲದ ನಮ್ಮ ಮಾವನವರು, ತಮ್ಮ ಮನೆಯ ಛಾವಣಿ ರಿಪೇರಿ ಮುಗಿಯುವವರೆಗೆಂದು, ನಾರಾಯಣಪೇಟೆಯ ನಮ್ಮ ಮನೆಗೆ ಬಂದಿದ್ದರು. ಜೊತೆಗೆ ತಮ್ಮ ಹಳೆಯ ಆಂಪ್ಲಿಫೈಯರನ್ನೂ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳನ್ನೂ ಎಳೆಗೂಸಿನಂತೆ ಜೋಪಾನವಾಗಿ ತಂದಿದ್ದರು. ಜೀವನವೆಲ್ಲ ಮಗ್ಗದ ಸದ್ದಿನಲ್ಲಿ ಕಳೆದು ಅವರ ಕಿವಿ ಮಂದವಾಗಿತ್ತು. ಆದರೂ ಸಂಜೆಯಾದರೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಭಜನೆ ಕೇಳಬೇಕು. ಊಟ ತಡವಾದರೆ ಗೊಣಗದವರು ಭಜನೆ ತಡವಾದರೆ ಚಡಪಡಿಸುತ್ತಿದ್ದರು. ಅವರ ಆ ಒಂದು ಸುಖವನ್ನು ಹೆಚ್ಚಿಸಬೇಕೆಂದು ನನಗೆ ಅನಿಸಿತು.

“ಪಾಪ, ಮಾವಾರಿಗೆ ಸರಿ ಕೇಳಸಂಗಿಲ್ಲ. ಸೌಂಡ್ ಹೆಚ್ಚು ಮಾಡ್ತೀನಿ” ಎಂದೆ.

“ಅಪ್ಪ ಏನಾರ ಕೇಳ್ಯಾನೇನ್ರೀ?” ಎಂದಳು ಹೆಂಡತಿ ನಾಗಮಣಿ.

“ಕೇಳಲಾರದ ಮಾಡೋದೇ ಅಳಿಯನ ಧರ್ಮ!”

ಮಕ್ತಲದ ಗೆಳೆಯನ ಹಳೆಯ ಜೀಪಿನಿಂದ ನಾಲ್ಕು ಸ್ಪೀಕರ್ ತಂದೆ. ಆಂಪ್ಲಿಫೈಯರಿನ ಬೆನ್ನ ಮೇಲೆ, ಸ್ಪೀಕರುಗಳು ಕರೆಂಟಿಗೆ ಒಡ್ಡಬೇಕಾದ ತಡೆಯ ಅಳತೆ, ಎಂಟು ಓಮ್ ಎಂದಿತ್ತು. ಜೀಪಿನ ಒಂದೊಂದು ಸ್ಪೀಕರಿನ ಮೇಲೆ ನಾಲ್ಕು ಓಮ್. ಪೆಟ್ಟಿಗೆಗೆ ಎರಡು ಕೂಡಿಸಿದರೆ ನಾಲ್ಕೂ ನಾಲ್ಕೂ ಎಂಟು! ಇಷ್ಟು ಸರಿಯಾದ ಲೆಕ್ಕ ನನ್ನ ಜನ್ಮದಲ್ಲಿ ಇನ್ನೊಂದು ಬಂದಿರಲಿಲ್ಲ. ಹಳೆಯ ಸ್ಪೀಕರುಗಳನ್ನು ಬಿಚ್ಚಿ, ಒಂದೊಂದು ಪೆಟ್ಟಿಗೆಯಲ್ಲಿ ಜೀಪಿನ ಎರಡನ್ನು ಕೂಡಿಸಿ, ಅವುಗಳ ತಂತಿಗಳನ್ನು ಜೋಡಿ ಎಳೆಯಂತೆ ಹೊಸೆದು, ಪ್ಲಸ್ ಎರಡನ್ನೂ ಒಂದು ಸ್ಕ್ರೂಗೆ, ಮೈನಸ್ ಎರಡನ್ನೂ ಇನ್ನೊಂದಕ್ಕೆ ಬಿಗಿದೆ.

ಸಂಜೆ ಭಜನೆ ಶುರುವಾಯಿತು. ಗೋಡೆಯ ಕ್ಯಾಲೆಂಡರ್ ಕುಣಿಯಿತು. ಮಾವನವರ ಮುಖ ಅರಳಿತು! ಆ ನಗು ನೋಡಿ ನನ್ನ ಎದೆ ಉಬ್ಬಿತು. ಇನ್ನಷ್ಟು ಸೌಂಡ್ ಕೊಟ್ಟೆ.

ಚರಚರ ಎಂದಿತು. ಸುಟ್ಟ ವಾಸನೆ ಬಂತು. ಆಮೇಲೆ ಮೌನ.

ಕೆಂಪು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಮಾವನವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ತೊಡೆ ತಟ್ಟಿ ತಾಳ ಹಾಕುತ್ತಲೇ ಇದ್ದರು. ಅವರಿಗೆ ಗೊತ್ತೇ ಆಗಿಲ್ಲ!

“ಹೇಳ್ರೀ” ಎಂದು ನಾಗಮಣಿ ಕಣ್ಣಲ್ಲೇ ಗದರಿದಳು. ನಾನು ಹೇಳುವ ಬದಲು, ವಾಸನೆ ಮುಚ್ಚಲು ಊದಿನಕಡ್ಡಿ ಹಚ್ಚಿ, ಮಾವನವರ ಎದುರು ಕುಳಿತು, ಇಲ್ಲದ ಭಜನೆಗೆ ಭಕ್ತಿಯಿಂದ ತಲೆದೂಗಿದೆ. ಸಾಕಷ್ಟು ಹೊತ್ತಾದ ಮೇಲೆ “ಭಜನಿ ಮುಗೀತ್ರೀ ಮಾವಾರೆ!” ಎಂದು ಕೂಗಿ ಸ್ವಿಚ್ ಆರಿಸಿದೆ.

“ಛಲೋ ಇತ್ತು” ಎಂದರು ಮಾವ.

ಮರುದಿನ ಎಲ್ಲವನ್ನೂ ಚೀಲದಲ್ಲಿ ಮುಚ್ಚಿಟ್ಟುಕೊಂಡು ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿ ಗೊತ್ತಾಯಿತು: ಒಂದರ ತುದಿಗೆ ಇನ್ನೊಂದನ್ನು ಕಟ್ಟಿದ್ದರೆ ಎಂಟು ಓಮ್ ಆಗುತ್ತಿತ್ತಂತೆ. ಪಕ್ಕಪಕ್ಕ ಹೊಸೆದಿದ್ದರಿಂದ ಎರಡೇ ಓಮ್ ಆಗಿ, ಮಷೀನು ಮಿತಿಮೀರಿ ಕರೆಂಟು ಎಳೆದು ಸುಟ್ಟುಕೊಂಡಿತ್ತು. ದಿನಾ ಎಳೆಯ ತುದಿಗೆ ತುದಿ ಗಂಟು ಹಾಕುವ ನೇಕಾರ ನಾನು!

ರಿಪೇರಿ ಮಾಡಿಸಿ, ಹಳೆಯ ಸ್ಪೀಕರುಗಳನ್ನೇ ಮತ್ತೆ ಹಾಕಿಸಿಕೊಂಡು ಕಳ್ಳನಂತೆ ಮನೆಗೆ ಬಂದರೆ ಮಾವನವರು ಬಾಗಿಲಲ್ಲೇ ಕುಳಿತಿದ್ದರು.

“ರಿಪೇರಿ ಆತೇನ್ರೀ ಅಳಿಯಂದ್ರ?”

“ನಿಮಗ ಹೆಂಗ ಗೊತ್ತಾತ್ರೀ?” ಎಂದು ಕೂಗಿದೆ.

“ನಾ ಕಿವೀಲೆ ಎಲ್ಲಿ ಕೇಳ್ತೀನ್ರೀ? ಅಂಗೈಲೆ ಕೇಳ್ತೀನಿ. ನಿನ್ನೆ ಪೆಟ್ಟಿಗಿ ಸತ್ತಂಗ ಬಿದ್ದಿತ್ತು.”

“ಮತ್ತ ತಾಳ ಹಾಕಿದ್ರಲ್ರೀ?”

“ಅರ್ಧ ಕಣ್ಣು ತೆಗದು ನೋಡಿದೆ. ನೀವು ಅಷ್ಟು ಚಂದ ತಲಿ ತೂಗಾಕ ಹತ್ತಿದ್ರಿ. ನಿಮಗ ತಾಳ ಹಾಕಾಕ ಯಾರಾರ ಬೇಕಲ್ರೀ!”

ಒಳಗಿನಿಂದ ನಾಗಮಣಿ ಬಿದ್ದು ಬಿದ್ದು ನಕ್ಕಳು. ಆ ನಗು ಮಾವನವರಿಗೂ ಕೇಳಿಸಿತು. ಮನೆಯಲ್ಲಿ ಸೌಂಡ್ ಹೆಚ್ಚು ಮಾಡುವ ನನ್ನ ಯೋಜನೆ ಅಂತೂ ಯಶಸ್ವಿಯಾಯಿತು!